ಹತ್ತು ಯೂರೋ ಎಪ್ಪತ್ತೈದು ಸೆಂಟ್

ಪ್ರತಿ ವರ್ಷ ಜುಲೈನಲ್ಲಿ ನಮ್ಮ ಸಿಎ ಫೋನ್ ಮಾಡಿ ಅದೇ ಪ್ರಶ್ನೆ ಕೇಳ್ತಾರೆ, "ಫಾರಿನ್ ಅಸೆಟ್ಸ್ ಏನಾದ್ರೂ ಇದೆಯೇನ್ರೀ?" ನಾನೂ ಪ್ರತಿ ವರ್ಷ ಅದೇ ಉತ್ತರ ಕೊಡ್ತೀನಿ. "ಇದೆ ಸಾರ್. ಸ್ಪೇನಿನ ಒಂದು ಫುಟ್ಬಾಲ್ ಕ್ಲಬ್ಬಿನಲ್ಲಿ ಒಂದು ಶೇರು." ಆ ಕಡೆಯಿಂದ ಒಂದು ನಿಟ್ಟುಸಿರು ಕೇಳಿಸುತ್ತೆ. ಆ ಒಂದು ಶೇರಿಗೋಸ್ಕರ ಫಾರಂನಲ್ಲಿ ಒಂದಿಡೀ ಶೆಡ್ಯೂಲ್ ತುಂಬಬೇಕು. ಒಂದು ಸಲ ಅವರು ತಡೆಯಲಾರದೆ, "ಅದನ್ನ ಮಾರಿಬಿಡಬಾರದಾ?" ಅಂದರು. ಮಾರೋಣ ಅಂದ್ರೆ ಕೊಳ್ಳೋರು ಸಿಗಬೇಕಲ್ಲ. ಡಿವಿಡೆಂಡ್ ಬಂದಿಲ್ಲ, ಬರೋದೂ ಇಲ್ಲ. ನನ್ನ ಟ್ರೇಡಿಂಗ್ ಆಪ್‌ನಲ್ಲಿ ಅದು ಕಾಣಿಸೋದೂ ಇಲ್ಲ. 2012ರ ನವೆಂಬರಿನಲ್ಲಿ 10.75 ಯೂರೋ ಕೊಟ್ಟು ಕೊಂಡದ್ದು. ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 750 ರೂಪಾಯಿ. ಆ ತಿಂಗಳು ನನಗೆ 750 ರೂಪಾಯಿ ಸಣ್ಣ ಮೊತ್ತ ಆಗಿರಲಿಲ್ಲ. ಯಾಕೆ ಅನ್ನೋದು ಮುಂದೆ ಬರುತ್ತೆ. ಮೊದಲು ಕ್ಲಬ್ಬಿನ ಕಥೆ ಹೇಳ್ತೀನಿ.

ಕ್ಲಬ್ಬಿನ ಹೆಸರು ರಿಯಲ್ ಒವಿಯೆಡೊ. "ರಿಯಲ್" ಅಂದ ಕೂಡಲೇ ನಿಮ್ಮ ಮನಸ್ಸು ಮ್ಯಾಡ್ರಿಡ್ ಕಡೆ ಓಡಿದರೆ ತಪ್ಪಿಲ್ಲ. ಸ್ಪ್ಯಾನಿಷ್‌ನಲ್ಲಿ ರಿಯಲ್ ಅಂದ್ರೆ ರಾಜಮನೆತನದ್ದು ಅಂತ ಅಷ್ಟೇ. ಒವಿಯೆಡೊ ಇರೋದು ಸ್ಪೇನಿನ ಉತ್ತರ ತುದಿಯ ಅಸ್ತೂರಿಯಸ್ ಪ್ರಾಂತ್ಯದಲ್ಲಿ. 'ಜಿಂದಗಿ ನ ಮಿಲೇಗಿ ದೊಬಾರಾ'ದಲ್ಲಿ ನಾವು ನೋಡಿದ ಬಿಸಿಲಿನ ಸ್ಪೇನ್ ಇದಲ್ಲ. ಇಲ್ಲಿ ಮಳೆ, ಹಸಿರು ಗುಡ್ಡ, ಮಂಜು, ದನ, ಕಲ್ಲಿದ್ದಲ ಗಣಿ. ಊಟದ ಜೊತೆ ಸೇಬಿನ ಸೈಡರ್. ಬಾಟಲಿಯನ್ನು ತಲೆ ಮೇಲೆ ಎತ್ತಿ, ಸೊಂಟದ ಕೆಳಗೆ ಹಿಡಿದ ಗ್ಲಾಸಿಗೆ ಸುರಿಯುತ್ತಾರೆ, ನಮ್ಮಲ್ಲಿ ಚಹಾವನ್ನು ಮೀಟರ್ ಎತ್ತರದಿಂದ ಹೊಯ್ಯುವ ಹಾಗೆ. ಊರಿನ ಜನಸಂಖ್ಯೆ ಎರಡು ಲಕ್ಷ ಚಿಲ್ಲರೆ. ಸ್ಪೇನಿನ ರಾಜಮನೆತನದ ಹೆಸರಲ್ಲಿ ಪ್ರತಿ ವರ್ಷ ಕೊಡುವ ಪ್ರಿನ್ಸೆಸ್ ಆಫ್ ಅಸ್ತೂರಿಯಸ್ ಪ್ರಶಸ್ತಿ ಪ್ರದಾನ ನಡೆಯೋದು ಈ ಊರಲ್ಲೇ. 2021ರಲ್ಲಿ ನಮ್ಮ ಅಮರ್ತ್ಯ ಸೇನ್ ಅವರಿಗೂ ಅದು ಸಿಕ್ಕಿತ್ತು.

1926ರ ಮಾರ್ಚ್ 26ರಂದು ಊರಿನ ಎರಡು ಕ್ಲಬ್ಬುಗಳು ಒಂದಾಗಿ ರಿಯಲ್ ಒವಿಯೆಡೊ ಹುಟ್ಟಿತು. ನೀಲಿ ಅಂಗಿ, ಬಿಳಿ ಚಡ್ಡಿ. ಮೊದಲ ಅಧ್ಯಕ್ಷರ ಹೆಸರು ಕಾರ್ಲೋಸ್ ಟಾರ್ಟಿಯೆರೆ. ಈಗಿನ ಸ್ಟೇಡಿಯಂಗೂ ಅವರದ್ದೇ ಹೆಸರು. 1933ರಲ್ಲಿ ತಂಡ ಮೊದಲ ಡಿವಿಜನ್ ತಲುಪಿತು. ಬಂದ ಕೂಡಲೇ ಅಬ್ಬರ. ಮುಂಚೂಣಿಯ ಐವರನ್ನು ಜನ "ವಿದ್ಯುತ್ ಪಡೆ" ಅಂತ ಕರೆದರು. ಅದರ ನಡುವೆ ಇದ್ದವನು ಇಸಿದ್ರೊ ಲಾಂಗರಾ. 1934, 1935, 1936, ಸತತ ಮೂರು ಸೀಸನ್ ಇಡೀ ಸ್ಪೇನಿನ ಟಾಪ್ ಸ್ಕೋರರ್. ದೇಶಕ್ಕಾಗಿ ಆಡಿದ್ದು ಹನ್ನೆರಡೇ ಪಂದ್ಯ, ಹೊಡೆದದ್ದು ಹದಿನೇಳು ಗೋಲು! ಕೊನೆಯ ಎರಡು ಸೀಸನ್ ಒವಿಯೆಡೊ ಲೀಗ್‌ನಲ್ಲಿ ಮೂರನೇ ಸ್ಥಾನ. ಇನ್ನೊಂದೆರಡು ವರ್ಷ ಸಿಕ್ಕಿದ್ದರೆ ಚಾಂಪಿಯನ್ ಆಗ್ತಿತ್ತೇನೋ.

ಆ ಎರಡು ವರ್ಷ ಸಿಗಲಿಲ್ಲ. 1936ರ ಜುಲೈನಲ್ಲಿ ಅಂತರ್ಯುದ್ಧ ಶುರುವಾಯಿತು. ಒವಿಯೆಡೊದ ಸೇನಾಧಿಕಾರಿ ಫ್ರಾಂಕೋನ ಬಂಡುಕೋರರ ಪಕ್ಷ ಸೇರಿದ. ಸುತ್ತಲಿನ ಗಣಿ ಕಾರ್ಮಿಕರು ರಿಪಬ್ಲಿಕ್‌ನ ಪರ. ಊರಿಗೆ ಮುತ್ತಿಗೆ ಬಿತ್ತು. ಬ್ಯುನವಿಸ್ತ ಬಡಾವಣೆಯಲ್ಲಿದ್ದ ಫುಟ್ಬಾಲ್ ಮೈದಾನ ಯುದ್ಧಭೂಮಿಯಾಗಿ ಹಾಳಾಯಿತು. ಲಾಂಗರಾ ದೇಶ ಬಿಟ್ಟ. ಬಾಸ್ಕ್ ತಂಡದ ಜೊತೆ ಊರೂರು ಸುತ್ತಿ, ಅರ್ಜೆಂಟೀನಾ ತಲುಪಿ, 1939ರಲ್ಲಿ ಸ್ಯಾನ್ ಲೊರೆಂಜೊ ಪರ ಮೊದಲ ಪಂದ್ಯದಲ್ಲೇ ರಿವರ್ ಪ್ಲೇಟ್ ವಿರುದ್ಧ ನಾಲ್ಕು ಗೋಲು ಹೊಡೆದ. ಈ ಕಡೆ ಯುದ್ಧ ಮುಗಿದು ಲೀಗ್ ಮತ್ತೆ ಶುರುವಾದಾಗ ಒವಿಯೆಡೊಗೆ ಆಡೋಕೆ ಮೈದಾನವೇ ಇರಲಿಲ್ಲ. 1939-40ರ ಸೀಸನ್ ಆಡದಿರಲು ಒಪ್ಪಿಗೆ ಸಿಕ್ಕಿತು, ಅದರ ಜಾಗವನ್ನು ಹಾಗೇ ಕಾಯ್ದಿಟ್ಟರು. ಆಟಗಾರರು ಆ ಒಂದು ವರ್ಷ ಬೇರೆ ಬೇರೆ ಕ್ಲಬ್ಬುಗಳಿಗೆ ಆಡಿದರು. ಲಾಂಗರಾ ಹತ್ತು ವರ್ಷಗಳ ನಂತರ, 1946ರಲ್ಲಿ, ಮತ್ತೆ ಬಂದು ಅದೇ ನೀಲಿ ಅಂಗಿ ಹಾಕಿದ.

ಆಮೇಲಿನ ನಾಲ್ಕು ದಶಕ ಮೇಲೆ ಕೆಳಗೆ, ಮೇಲೆ ಕೆಳಗೆ. 1988ರಲ್ಲಿ ಮತ್ತೆ ಮೊದಲ ಡಿವಿಜನ್‌ಗೆ ಬಂದ ಮೇಲೆ ಸತತ 13 ಸೀಸನ್ ಅಲ್ಲೇ ಉಳಿದರು. 1991ರಲ್ಲಿ ಯುಇಎಫ್ಎ ಕಪ್ ಕೂಡ ಆಡಿದರು. ಇಟಲಿಯ ಜಿನೋವಾ ವಿರುದ್ಧ ಮನೆಯಲ್ಲಿ 1-0 ಗೆದ್ದು, ಅಲ್ಲಿಗೆ ಹೋಗಿ 3-1 ಸೋತರು. ಯುರೋಪಿನಲ್ಲಿ ಒವಿಯೆಡೊ ಕಂಡದ್ದು ಆ ಎರಡು ಪಂದ್ಯ.

ಇದೇ ಹೊತ್ತಿಗೆ ಸ್ಪೇನಿನಲ್ಲಿ ಒಂದು ಕಾನೂನು ಬಂತು. 1990ರ ಕ್ರೀಡಾ ಕಾಯ್ದೆ. ಕ್ಲಬ್ಬುಗಳೆಲ್ಲ ಸಾಲದಲ್ಲಿ ಮುಳುಗ್ತಿವೆ, ಸದಸ್ಯರ ಸಂಘಗಳಾಗಿದ್ದರೆ ಯಾರಿಗೂ ಜವಾಬ್ದಾರಿ ಇರೋದಿಲ್ಲ, ಅದಕ್ಕೆ ಎಲ್ಲರೂ ಶೇರು ಬಂಡವಾಳದ ಕಂಪನಿಗಳಾಗಿ ಅಂತ. ಲೆಕ್ಕಪತ್ರ ಚೆನ್ನಾಗಿದ್ದ ನಾಲ್ಕು ಕ್ಲಬ್ಬುಗಳಿಗೆ ಮಾತ್ರ ವಿನಾಯ್ತಿ ಸಿಕ್ಕಿತು: ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ, ಅಥ್ಲೆಟಿಕ್ ಬಿಲ್ಬಾವೊ, ಒಸಸೂನ. ಉಳಿದ ವೃತ್ತಿಪರ ಕ್ಲಬ್ಬುಗಳ ಹಾಗೆ ಒವಿಯೆಡೊ ಕೂಡ ಕಂಪನಿಯಾಯಿತು. ಹಾಗೆ ಶೇರು ಅನ್ನೋದು ಹುಟ್ಟಿತು. ಕಾನೂನು ಬಂದದ್ದು ಸಾಲ ತಪ್ಪಿಸೋಕೆ. ಮುಂದಿನ ಇಪ್ಪತ್ತು ವರ್ಷ ಸ್ಪೇನಿನ ಅರ್ಧಕ್ಕರ್ಧ ಕ್ಲಬ್ಬುಗಳು ಮೊದಲಿಗಿಂತ ಜೋರಾಗಿ ಸಾಲ ಮಾಡಿದವು, ಅದು ಬೇರೆ ಮಾತು.

2000ದಲ್ಲಿ ಒವಿಯೆಡೊಗೆ 30 ಸಾವಿರ ಸೀಟಿನ ಹೊಸ ಸ್ಟೇಡಿಯಂ ಬಂತು. ಹೊಸ ಮನೆಗೆ ಹೋದ ಮೊದಲ ಸೀಸನ್ನಿನಲ್ಲೇ, 2001ರಲ್ಲಿ, ತಂಡ ಎರಡನೇ ಡಿವಿಜನ್‌ಗೆ ಬಿತ್ತು. ಗೃಹಪ್ರವೇಶದ ವಾಸ್ತು ಸರಿ ಇರಲಿಲ್ಲ ಅಂತ ನಮ್ಮೂರಾಗಿದ್ದರೆ ಹೇಳ್ತಿದ್ದರು. ಟಿವಿ ದುಡ್ಡು ನಿಂತಿತು, ಸಂಬಳ ಮೊದಲಿನಷ್ಟೇ ದೊಡ್ಡದಿತ್ತು. ತಿಂಗಳುಗಟ್ಟಲೆ ಆಟಗಾರರಿಗೆ ಸಂಬಳ ಆಗಲಿಲ್ಲ. 2003ರಲ್ಲಿ ಆಟದಲ್ಲಿ ಸೋತು ಮೂರನೇ ದರ್ಜೆಗೆ ಬಿದ್ದರು. ಆಟಗಾರರಿಗೆ ಬಾಕಿ ತೀರಿಸದ ಕ್ಲಬ್ಬನ್ನು ಇನ್ನೂ ಒಂದು ಮೆಟ್ಟಿಲು ಕೆಳಗೆ ತಳ್ಳಬೇಕು ಅನ್ನೋ ನಿಯಮ ಇತ್ತು. ಗಡುವಿನೊಳಗೆ ಬಾಕಿ ತೀರಲಿಲ್ಲ. ಒಂದೇ ಬೇಸಿಗೆಯಲ್ಲಿ ಎರಡು ದರ್ಜೆ ಕೆಳಗೆ ಬಿದ್ದು ನಾಲ್ಕನೇ ದರ್ಜೆ. ಅಂದ್ರೆ ಪ್ರಾದೇಶಿಕ ಲೀಗು. ಗಣಿ ಹಳ್ಳಿಗಳ ತಂಡಗಳ ಜೊತೆ, ಒಂದು ಬದಿಯಲ್ಲಿ ನಾಲ್ಕು ಸಾಲು ಮೆಟ್ಟಿಲಿರುವ ಮೈದಾನಗಳಲ್ಲಿ ಆಟ. ಎರಡೇ ವರ್ಷದ ಹಿಂದೆ ಇದೇ ಕ್ಲಬ್ಬು ಬರ್ನಬ್ಯೂನಲ್ಲಿ ಆಡ್ತಾ ಇತ್ತು.

ಆಟಗಾರರು ಹೊರಟರು. ಅಕಾಡೆಮಿಯ ಹುಡುಗರೂ ಹೊರಟರು. 18 ವರ್ಷದ ಸ್ಯಾಂಟಿ ಕಜೋರ್ಲಾ ವಿಯಾರಿಯಲ್‌ಗೆ, 15ರ ಹುವಾನ್ ಮಾಟಾ ಮ್ಯಾಡ್ರಿಡ್‌ಗೆ. ಇಬ್ಬರೂ ಮುಂದೆ ಸ್ಪೇನ್ ತಂಡದ ಜೊತೆ ಯುರೋಪಿಯನ್ ಚಾಂಪಿಯನ್ನರಾದರು. ಒವಿಯೆಡೊದ ಮೊದಲ ತಂಡಕ್ಕೆ ಇಬ್ಬರೂ ಆಗ ಒಂದು ಪಂದ್ಯವನ್ನೂ ಆಡಿರಲಿಲ್ಲ.

ಈಗ ಕಥೆಯ ಮುಖ್ಯ ಭಾಗಕ್ಕೆ ಬರ್ತೀನಿ. ನನ್ನ ಪ್ರಕಾರ ಈ ಕ್ಲಬ್ಬಿನ ನೂರು ವರ್ಷದ ಇತಿಹಾಸದಲ್ಲಿ ಲಾಂಗರಾನ ಗೋಲುಗಳಿಗಿಂತ ದೊಡ್ಡ ಘಟನೆ ಇದು.

ರಿಯಲ್ ಒವಿಯೆಡೊ ಮುಳುಗ್ತಿದೆ ಅಂತ ಗೊತ್ತಾದ ಕೂಡಲೇ ಒಂದು ಬದಲಿ ವ್ಯವಸ್ಥೆ ರೆಡಿ ಆಯಿತು. ಊರಿನಲ್ಲಿ ಅಸ್ತೂರ್ ಅನ್ನೋ ಇನ್ನೊಂದು ಸಣ್ಣ ಕ್ಲಬ್ ಇತ್ತು. ಅದಕ್ಕೆ ಒವಿಯೆಡೊ ಎಸಿಎಫ್ ಅಂತ ಹೊಸ ಹೆಸರು ಬಂತು. ನಗರಸಭೆಯ ಬೆಂಬಲವೂ ಅದರ ಬೆನ್ನಿಗೆ ನಿಂತಿತು. ಯೋಚನೆ ಸರಳ: ಹಳೆಯದು ಹೇಗೂ ಸಾಯುತ್ತೆ, ಅದರ ಸಾಲ ಅದರ ಜೊತೆ ಹೋಗಲಿ. ಊರಿನ ಹೆಸರಿರುವ ಹೊಸ ಕ್ಲಬ್ ಇದೆ, ಎಲ್ಲರೂ ಇಲ್ಲಿಗೆ ಬನ್ನಿ. ಕ್ಲೀನ್ ಸ್ಲೇಟ್. ಎಕ್ಸೆಲ್ ಶೀಟಿನಲ್ಲಿ ನೋಡಿದರೆ ಇದರಲ್ಲಿ ತಪ್ಪು ಹುಡುಕೋದು ಕಷ್ಟ. ನಾನು ನೀವು ಆ ಮೀಟಿಂಗಿನಲ್ಲಿದ್ದಿದ್ದರೆ ನಾವೂ ತಲೆ ಆಡಿಸ್ತಿದ್ದೆವೋ ಏನೋ.

ಊರಿನ ಜನ ಬರಲಿಲ್ಲ. ಬದಲಿಗೆ ಬೀದಿಗಿಳಿದರು. ನಾಲ್ಕನೇ ದರ್ಜೆಯ, ನಾಳೆ ಇರುತ್ತೋ ಇಲ್ಲವೋ ಗೊತ್ತಿಲ್ಲದ ಹಳೆಯ ಕ್ಲಬ್ಬಿನ ಸೀಸನ್ ಟಿಕೆಟ್ಟಿಗೆ ಕ್ಯೂ ನಿಂತರು. ಸಾಮಾನ್ಯವಾಗಿ ಕೆಲವು ನೂರು ಜನ ನೋಡುವ ಮಟ್ಟದ ಲೀಗಿನಲ್ಲಿ ಒವಿಯೆಡೊದ ಮನೆ ಪಂದ್ಯಗಳಿಗೆ ಸಾವಿರಾರು ಜನ ಸೇರಿದರು. ಬಡ್ತಿಯ ಪ್ಲೇ ಆಫ್ ಪಂದ್ಯಗಳಿಗೆ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಜನ. ತಂಡ ಕಟ್ಟಿದ್ದು ಸಿಕ್ಕಿದ ಹುಡುಗರನ್ನು ಹಾಕಿ. ಅವರಲ್ಲಿ ಊರಿನವನೇ ಆದ ಮಿಚು ಅನ್ನೋ 17ರ ಹುಡುಗ ಇದ್ದ, ಮುಂದೆ ಸ್ವಾನ್ಸಿಗೆ ಹೋಗಿ ಪ್ರೀಮಿಯರ್ ಲೀಗ್ ನೋಡುವವರಿಗೆಲ್ಲ ಪರಿಚಯವಾದವನು. ಡಿಯೆಗೊ ಸೆರ್ವೆರೊ ಅನ್ನೋ ಸ್ಟ್ರೈಕರ್ ಇದ್ದ. ಅವನು ಗೋಲು ಹೊಡೆಯೋದರ ಜೊತೆಗೆ ಮೆಡಿಕಲ್ ಓದ್ತಿದ್ದ, ಓದಿ ಡಾಕ್ಟರ್ ಕೂಡ ಆದ. 2005ರಲ್ಲಿ ಒಂದು ಮೆಟ್ಟಿಲು ಮೇಲೆ ಹೋದರು, 2007ರಲ್ಲಿ ಮತ್ತೆ ಬಿದ್ದರು, 2009ರಲ್ಲಿ ಮತ್ತೆ ಹತ್ತಿದರು. ಹೊಸ ಕ್ಲಬ್ಬು ಕೆಲವು ವರ್ಷ ನಡೆದು, ಆಮೇಲೆ ಸದ್ದಿಲ್ಲದೆ ತನ್ನ ಹಳೆಯ ಹೆಸರಿಗೆ ಮರಳಿತು.

ಈ ಕಥೆಯನ್ನು ಇಂಗ್ಲಿಷ್ ಪತ್ರಿಕೆಗಳು ಬಹಳ ಸಲ ಬರೆದಿವೆ. ಎಲ್ಲದರಲ್ಲೂ ಒಂದೇ ರಾಗ: ನಿಷ್ಠೆ, ಪ್ರೀತಿ, ಅಭಿಮಾನಿಗಳ ಕಣ್ಣೀರು. ಸುಳ್ಳಲ್ಲ. ಆದರೆ ನನಗೆ ಈ ಕಥೆ ಸಿಕ್ಕಿದಾಗ ನಾನಿದ್ದ ಪರಿಸ್ಥಿತಿಯೇ ಬೇರೆ. ಹಾಗಾಗಿ ನನ್ನ ಕಣ್ಣು ಮೊದಲು ಹೋದದ್ದು ಅಭಿಮಾನಿಗಳ ಕಡೆಗಲ್ಲ, ಸಂಬಳ ಸಿಗದ ಆಟಗಾರರ ಕಡೆಗೆ.

2012ರಲ್ಲಿ ನಾನು ಬೆಂಗಳೂರಿನ ಒಂದು ಸ್ಟಾರ್ಟಪ್‌ನಲ್ಲಿದ್ದೆ. ಹೆಸರು ಬೇಡ. ಆಗಸ್ಟಿನಿಂದ ಸಂಬಳ ಬರಲಿಲ್ಲ. ಸೆಪ್ಟೆಂಬರಿನಲ್ಲಿ "ನೆಕ್ಸ್ಟ್ ವೀಕ್" ಅಂದರು. ಅಕ್ಟೋಬರಿನಲ್ಲಿ "ಫಂಡಿಂಗ್ ಆಗ್ತಾ ಇದೆ, ನಾವೆಲ್ಲ ಒಂದು ಫ್ಯಾಮಿಲಿ" ಅಂದರು. ಬಾಡಿಗೆ ಕಟ್ಟೋಕೆ ಅಕ್ಕನ ಹತ್ತಿರ ಕೈಯೊಡ್ಡಿದ್ದೆ. ದೀಪಾವಳಿ ಹೊತ್ತಿಗೆ ಒಂದು ಮೀಟಿಂಗ್ ಕರೆದರು. ಈ ಕಂಪನಿ ಮುಚ್ತಾ ಇದ್ದೀವಿ, ಆದರೆ ಗುಡ್ ನ್ಯೂಸ್ ಇದೆ ಅಂದರು. ಗುಡ್ ನ್ಯೂಸ್ ಏನಪ್ಪಾ ಅಂದ್ರೆ, ಅದೇ ಕಟ್ಟಡದಲ್ಲಿ, ಅದೇ ಫ್ಲೋರಿನಲ್ಲಿ, ಅದೇ ಕಾಫಿ ಮೆಷಿನ್ ಇಟ್ಟುಕೊಂಡು ಹೊಸ ಹೆಸರಿನ ಹೊಸ ಕಂಪನಿ. ಹೊಸ ಲೋಗೋ ಕೂಡ ಆಗಿತ್ತು. ನಮಗೆಲ್ಲ ಹೊಸ ಆಫರ್ ಲೆಟರ್. ಮೂರು ತಿಂಗಳ ಬಾಕಿ? "ಅದು ಓಲ್ಡ್ ಎಂಟಿಟಿ, ಬಾಸ್. ಅಲ್ಲಿ ದುಡ್ಡೇ ಇಲ್ಲ." ಹಳೆಯ ಕಂಪನಿಯ ಬಾಗಿಲು ತಟ್ಟೋಣ ಅಂದ್ರೆ ಆ ಬಾಗಿಲಿಗೆ ಈಗ ಬೇರೆ ಬೋರ್ಡು. ನಾನು ಸೇರಲಿಲ್ಲ. ಬಾಕಿ ಇವತ್ತಿನವರೆಗೂ ಬಂದಿಲ್ಲ. ಅಲ್ಲಿ ಕೊಟ್ಟಿದ್ದ ಎಂಪ್ಲಾಯೀ ಸ್ಟಾಕ್ ಆಪ್ಷನ್ನಿನ ಕಾಗದ ಮಾತ್ರ ಎಲ್ಲೋ ಫೈಲಿನಲ್ಲಿದೆ.

ಅದೇ ನವೆಂಬರಿನಲ್ಲಿ ಟ್ವಿಟರ್ ತುಂಬ ಒವಿಯೆಡೊ ಸುದ್ದಿ. ಮೂರನೇ ದರ್ಜೆಯಲ್ಲಿದ್ದ ಕ್ಲಬ್ಬು ಮತ್ತೆ ಮುಳುಗುವ ಹಂತದಲ್ಲಿತ್ತು. ನವೆಂಬರ್ 17ರೊಳಗೆ ಸುಮಾರು 20 ಲಕ್ಷ ಯೂರೋ ಸೇರಿಸದಿದ್ದರೆ ಬಾಗಿಲು ಹಾಕಬೇಕಿತ್ತು. ಹೊಸ ಶೇರುಗಳನ್ನು ಮಾರಾಟಕ್ಕಿಟ್ಟರು, ಒಂದಕ್ಕೆ 10.75 ಯೂರೋ, ಪ್ರಪಂಚದಲ್ಲಿ ಯಾರು ಬೇಕಾದರೂ ಕೊಳ್ಳಬಹುದು. ಹಿಂದೆ ಒವಿಯೆಡೊದಲ್ಲಿ ಓದಿದ್ದ ಇಂಗ್ಲಿಷ್ ಪತ್ರಕರ್ತ ಸಿಡ್ ಲೋ ಹಗಲು ರಾತ್ರಿ ಅದನ್ನೇ ಬರೆದರು. ಊರು ಬಿಟ್ಟಿದ್ದ ಹುಡುಗರೆಲ್ಲ ಕೊಂಡರು. ಆರ್ಸೆನಲ್‌ನಿಂದ ಕಜೋರ್ಲಾ, ಚೆಲ್ಸಿಯಿಂದ ಮಾಟಾ, ಸ್ವಾನ್ಸಿಯಿಂದ ಮಿಚು, ಅಟ್ಲೆಟಿಕೋದಿಂದ ಆಡ್ರಿಯನ್. ರಿಯಲ್ ಮ್ಯಾಡ್ರಿಡ್ ಒಂದು ಲಕ್ಷ ಯೂರೋದ ಶೇರು ಕೊಂಡಿತು. ಊರಿನ ಜನ ಸ್ಟೇಡಿಯಂ ಕೌಂಟರಿನ ಮುಂದೆ ಸಾಲು ನಿಂತರು. ಬೇರೆ ಬೇರೆ ದೇಶಗಳಿಂದ, ಒವಿಯೆಡೊ ಭೂಪಟದಲ್ಲಿ ಎಲ್ಲಿದೆ ಅಂತ ಗೊತ್ತಿಲ್ಲದವರೂ ಸಾವಿರಾರು ಜನ ಕೊಂಡರು.

ನಾನು ಆ ವಾರ ಈ ಕ್ಲಬ್ಬಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಕೆಲಸ ಇರಲಿಲ್ಲ, ಟೈಮ್ ಬೇಕಾದಷ್ಟಿತ್ತು. 2003ರ ಕಥೆ ಓದುವಾಗ ಮೈ ಉರಿಯಿತು. ಸಂಬಳ ಕೊಡದ ಕ್ಲಬ್ಬಿಗೆ ನಾನ್ಯಾಕೆ ದುಡ್ಡು ಕೊಡಲಿ? ಆಗ ದೂರು ಕೊಟ್ಟ ಆಟಗಾರರನ್ನು ದ್ರೋಹಿಗಳು ಅಂತ ಬೈದ ಅಭಿಮಾನಿಗಳೂ ಇದ್ದಿರಬೇಕು, ಎಲ್ಲ ಊರಲ್ಲೂ ಇರ್ತಾರೆ. ಆ ಆಟಗಾರರು ಕೇಳಿದ್ದು ದುಡಿದ ದುಡ್ಡು. ಅದರಲ್ಲಿ ನಾನು ಪೂರ್ತಿ ಅವರ ಪಕ್ಷ.

ಆಮೇಲೆ ಒವಿಯೆಡೊ ಎಸಿಎಫ್ ವಿಷಯ ಓದಿದೆ. ಓದ್ತಾ ಓದ್ತಾ ನಮ್ಮ ಆಫೀಸಿನ ಹೊಸ ಬೋರ್ಡು ಕಣ್ಣ ಮುಂದೆ ಬಂತು. ಇವತ್ತಿಗೂ ಇದರ ಬಗ್ಗೆ ನನಗೆ ಅನ್ನಿಸೋದು ಇದು. ಹೊಸ ಕ್ಲಬ್ಬಿಗೆ ಸಾಲ ಇರಲಿಲ್ಲ ಅನ್ನೋದನ್ನೇ ಅದರ ದೊಡ್ಡ ಗುಣ ಅಂತ ತೋರಿಸಲಾಯಿತು. ಸಾಲ ಇಲ್ಲ ಅಂದ್ರೆ, ಹಳೆಯ ಕ್ಲಬ್ಬಿಗೆ ದುಡಿದವರಿಗೆ, ಸಾಮಾನು ಕೊಟ್ಟವರಿಗೆ, ಯಾರಿಗೂ ಏನೂ ಕೊಡಬೇಕಾಗಿಲ್ಲ ಅಂತ. ಹೆಸರು ಸತ್ತರೆ ಬಾಕಿಯೂ ಸಾಯುತ್ತೆ. ಬಾಕಿ ಕೇಳೋಕೆ ಒಂದು ವಿಳಾಸ ಉಳಿಯಬೇಕಾದರೆ ಹಳೆಯ ಹೆಸರು ಬದುಕಿರಬೇಕು. ಹೊಸ ಕ್ಲಬ್ಬಿಗೆ ಹೋಗಲ್ಲ ಅಂತ ಊರಿನವರು ಹಟ ಹಿಡಿದಾಗ, ಅವರು ಲಾಂಗರಾನ ಗೋಲುಗಳನ್ನು ಮಾತ್ರ ಉಳಿಸಿಕೊಳ್ಳಲಿಲ್ಲ, ಸಾಲವನ್ನೂ ಉಳಿಸಿಕೊಂಡರು. ಒಂದನ್ನು ಬಿಟ್ಟು ಇನ್ನೊಂದು ಬರ್ತಾ ಇರಲಿಲ್ಲ. ನಾಲ್ಕನೇ ದರ್ಜೆಯಲ್ಲಿ ಒದ್ದಾಡಿದ ಆ ವರ್ಷಗಳ ಉದ್ದಕ್ಕೂ ಹಳೆಯ ಸಾಲ ಅವರ ಬೆನ್ನ ಮೇಲೇ ಇತ್ತು.

ಆ ಜನ ಇದನ್ನೆಲ್ಲ ಲೆಕ್ಕ ಹಾಕಿ ಮಾಡಿದರು ಅಂತ ನಾನು ಹೇಳ್ತಿಲ್ಲ. ಅವರಿಗೆ ಬೇಕಾಗಿದ್ದದ್ದು ಅಪ್ಪನ ಜೊತೆ ನೋಡಿದ ಅದೇ ನೀಲಿ ಅಂಗಿ. ಆದರೆ ಭಾವುಕತೆ ಅಂತ ನಾವು ತಳ್ಳಿಹಾಕುವ ಈ ಹಟ, ಪ್ರಾಕ್ಟಿಕಲ್ ಆಗಿದ್ದ ಆ ಪ್ಲಾನಿಗಿಂತ ಹೆಚ್ಚು ಪ್ರಾಮಾಣಿಕವಾಗಿತ್ತು. ನಮ್ಮ ತಲೆಮಾರಿಗೆ ಬಿಟ್ಟು ಹೋಗೋದು ಚೆನ್ನಾಗಿ ಗೊತ್ತು. ಎರಡು ವರ್ಷಕ್ಕೊಂದು ಕಂಪನಿ, ಹನ್ನೊಂದು ತಿಂಗಳಿಗೊಂದು ಮನೆ, ಹಳೆಯದು ಕೆಟ್ಟರೆ ಹೊಸ ವರ್ಷನ್. ಅದರಲ್ಲಿ ತಪ್ಪೇನಿಲ್ಲ, ನಾನೂ ಆಮೇಲೆ ನಾಲ್ಕು ಕಂಪನಿ ಬದಲಾಯಿಸಿದ್ದೀನಿ. ಸಂಬಳ ಕೊಡದ ಕಡೆ ನಿಷ್ಠೆ ತೋರಿಸಿ ಅಂತ ಕೆಲಸಗಾರರಿಗೆ ಹೇಳೋ ಹಕ್ಕು ಯಾರಿಗೂ ಇಲ್ಲ. ಆದರೆ ಒಂದು ಜಾಗಕ್ಕೆ "ನಮ್ಮದು" ಅಂತ ಹೇಳುವವರು ಅದರ ಬಾಕಿಯನ್ನೂ "ನಮ್ಮದು" ಅನ್ನಬೇಕು. ನಮ್ಮನ್ನು ಫ್ಯಾಮಿಲಿ ಅಂದ ಬಾಸ್ ಹೇಳದೇ ಹೋದ ಮಾತು ಅದು. ಅದನ್ನು ಹೇಳಿದವರು ಯಾರೋ, ನಾನು ಕಂಡರಿಯದ ಮಳೆಯ ಊರಿನ ಜನ. ಅಕ್ಕನಿಗೆ ಹೇಳದೆ ಒಂದು ಶೇರು ಕೊಂಡೆ.

ಇದನ್ನು ಸಿನಿಮಾ ಮಾಡಿದರೆ ಇಲ್ಲಿಗೆ ಮುಗಿಸಬಹುದು: ಪ್ರಪಂಚದ ಪುಟ್ಟ ಜನರೆಲ್ಲ ಸೇರಿ ಕ್ಲಬ್ ಉಳಿಸಿದರು ಅಂತ. ನಿಜ ಸ್ವಲ್ಪ ಬೇರೆ. ಜನರ ದುಡ್ಡು ಗುರಿಯ ಹತ್ತಿರ ಬಂದು ನಿಂತಿತ್ತು. ಗಡುವಿನ ದಿನ, ನವೆಂಬರ್ 17ರಂದು, ಆಗ ಪ್ರಪಂಚದ ಅತಿ ಶ್ರೀಮಂತ ಅನ್ನಿಸಿಕೊಂಡಿದ್ದ ಮೆಕ್ಸಿಕೋದ ಕಾರ್ಲೋಸ್ ಸ್ಲಿಮ್ ಅವರ ಸಮೂಹ 20 ಲಕ್ಷ ಯೂರೋ ಹಾಕಿತು. ಸಾವಿರಾರು ಜನ ಎರಡು ವಾರ ಕೂಡಿಸಿದಷ್ಟನ್ನು ಒಬ್ಬ ಮನುಷ್ಯ ಒಂದು ಸಹಿಯಲ್ಲಿ ಕೊಟ್ಟ, ಕ್ಲಬ್ಬಿನ ಅತಿ ದೊಡ್ಡ ಶೇರುದಾರನಾದ. 2022ರಲ್ಲಿ ಮೆಕ್ಸಿಕೋದ್ದೇ ಪಚೂಕ ಸಮೂಹ ಬಹುಪಾಲು ಶೇರು ಕೊಂಡು ಯಜಮಾನಿಕೆ ವಹಿಸಿಕೊಂಡಿತು. ನನ್ನ ಒಂದು ಶೇರಿಗೆ ಮಹಾಸಭೆಯಲ್ಲಿ ಯಾವ ತೂಕವೂ ಇಲ್ಲ. ಇರಬೇಕು ಅಂತ ನಾನೂ ಅಂದುಕೊಂಡಿರಲಿಲ್ಲ.

ಹಾಗಾದರೆ ಉಳಿಸಿದ್ದು ಯಾರು? ಗೆಳೆಯರ ಜೊತೆ ಇದೇ ವಾದ ಎಷ್ಟೋ ಸಲ ಆಗಿದೆ. ದುಡ್ಡಿನ ಲೆಕ್ಕ ನೋಡಿದರೆ ಅರ್ಧ ಸ್ಲಿಮ್, ಅರ್ಧ ಜನ. ನನ್ನ ವಾದ ಇಷ್ಟೇ. 2003ರಲ್ಲಿ ಊರಿನವರು ಕೈ ಬಿಟ್ಟಿದ್ದರೆ 2012ರಲ್ಲಿ ಸ್ಲಿಮ್‌ಗೆ ಕೊಳ್ಳೋಕೆ ಕ್ಲಬ್ಬೇ ಇರ್ತಿರಲಿಲ್ಲ. ಶ್ರೀಮಂತರು ಬದುಕಿರೋದನ್ನು ಕೊಳ್ತಾರೆ. ಅಲ್ಲಿಯವರೆಗೆ ಉಸಿರು ಹಿಡಿದುಕೊಂಡು ಇರೋ ಕೆಲಸ ಬೇರೆಯವರದ್ದು.

ಮುಂದಿನದು ಖುಷಿಯ ಸಮಾಚಾರ. 2015ರ ಮೇ 31ರಂದು ಕಾಡಿಜ್‌ಗೆ ಹೋಗಿ 1-0 ಗೆದ್ದು ಎರಡನೇ ಡಿವಿಜನ್‌ಗೆ ಮರಳಿದರು. 12 ವರ್ಷ ಆಗಿತ್ತು. ಆ ದಿನ ಗೋಲ್‌ಕೀಪರ್ ಆಗಿದ್ದವನು ಎಸ್ತೆಬಾನ್, 2001ರಲ್ಲಿ ಬಿದ್ದ ತಂಡದಲ್ಲೂ ಇದ್ದವನು. ಆಮೇಲೆ 2023ರಲ್ಲಿ ಕಜೋರ್ಲಾ ಬಂದ. ಈ ಮನುಷ್ಯನ ಬಗ್ಗೆ ಒಂದು ಮಾತು ಹೇಳಬೇಕು. ಆರ್ಸೆನಲ್‌ನಲ್ಲಿದ್ದಾಗ ಅವನ ಹಿಮ್ಮಡಿಗೆ ಸೋಂಕಾಗಿ ಸ್ನಾಯುರಜ್ಜು ಕೆಲವು ಸೆಂಟಿಮೀಟರ್ ಕೊಳೆತೇ ಹೋಗಿತ್ತು. ಮಗನ ಜೊತೆ ತೋಟದಲ್ಲಿ ನಡೆಯೋಕಾದರೆ ಅದೇ ಪುಣ್ಯ ಅಂತ ಡಾಕ್ಟರ್ ಹೇಳಿದ್ದರು. ಅವನು ಮತ್ತೆ ಆಡಿದ, ಸ್ಪೇನ್ ತಂಡಕ್ಕೂ ಮರಳಿದ. ಮೂವತ್ತೆಂಟರಲ್ಲಿ ಒವಿಯೆಡೊಗೆ ಬಂದು, ಪುಕ್ಕಟೆ ಆಡ್ತೀನಿ ಅಂದ. ನಿಯಮದ ಪ್ರಕಾರ ಪುಕ್ಕಟೆ ಆಡೋ ಹಾಗಿಲ್ಲ. ಸರಿ, ಕನಿಷ್ಠ ವೇತನ ಕೊಡಿ, ನನ್ನ ಹೆಸರಿನ ಅಂಗಿ ಮಾರಿ ಬಂದ ದುಡ್ಡಿನಲ್ಲಿ ಶೇಕಡಾ 10ನ್ನು ಅಕಾಡೆಮಿಗೆ ಹಾಕಿ ಅಂದ. ಆಟಗಾರನಿಗೆ ಸಂಬಳ ಕೊಡದೆ ಪಾತಾಳಕ್ಕೆ ಬಿದ್ದ ಕ್ಲಬ್ಬು ಇದು. ಅದಕ್ಕೀಗ ಪುಕ್ಕಟೆ ಆಡ್ತೀನಿ ಅನ್ನುವವನಿಗೂ ಸಂಬಳ ಕೊಡಲೇಬೇಕು ಅಂತ ನಿಯಮ ಹೇಳಿತು. ಆ ನಿಯಮ ನನಗೆ ತುಂಬ ಹಿಡಿಸಿತು.

2024ರಲ್ಲಿ ಪ್ಲೇ ಆಫ್ ಫೈನಲ್ ತಲುಪಿ ಎಸ್ಪಾನ್ಯೋಲ್ ಎದುರು ಸೋತರು. 2025ರಲ್ಲಿ ಮತ್ತೆ ಫೈನಲ್, ಎದುರಿಗೆ ಮಿರಾಂಡೆಸ್. ಮೊದಲ ಪಂದ್ಯ 1-0 ಸೋಲು. ಜೂನ್ 21ರ ಎರಡನೇ ಪಂದ್ಯ ಒವಿಯೆಡೊದಲ್ಲಿ, ನಮಗೆ ಅದು ನಡುರಾತ್ರಿ ದಾಟಿದ ಹೊತ್ತು. ಮಿರಾಂಡೆಸ್ ಮೊದಲು ಗೋಲು ಹೊಡೆದಾಗ ಲ್ಯಾಪ್‌ಟಾಪ್ ಮುಚ್ಚಿ ಮಲಗಬೇಕು ಅನ್ನಿಸಿತ್ತು. ಆಮೇಲೆ ಪೆನಾಲ್ಟಿ ಸಿಕ್ಕಿತು. ನಲವತ್ತು ವರ್ಷದ ಕಜೋರ್ಲಾ ಹೊಡೆದ. ಚೈರಾ ಇನ್ನೊಂದು. ಹೆಚ್ಚುವರಿ ಸಮಯದಲ್ಲಿ ಪೋರ್ಟಿಯೊ ಮೂರನೆಯದು. 3-1. ಇಪ್ಪತ್ತನಾಲ್ಕು ವರ್ಷಗಳ ನಂತರ ಮೊದಲ ಡಿವಿಜನ್. ಆ ದಿನದ ಕೋಚ್ ಪೌನೋವಿಚ್, 2001ರಲ್ಲಿ ಕೆಳಗೆ ಬಿದ್ದ ತಂಡದ ಆಟಗಾರ.

ಹಳೆಯ ಮೈದಾನವಿದ್ದ ಬ್ಯುನವಿಸ್ತದಲ್ಲಿ ಈಗ ಆರ್ಕಿಟೆಕ್ಟ್ ಕಲಟ್ರಾವಾ ಕಟ್ಟಿದ ದೊಡ್ಡ ಬಿಳಿ ಕನ್ವೆನ್ಷನ್ ಸೆಂಟರ್ ಇದೆ. ಊರಿನವರು ಅದನ್ನು ಏಡಿ ಅಂತ ಕರೀತಾರಂತೆ. ಯುದ್ಧ ಕೆಡವಿದ ಮೈದಾನವನ್ನು ಮತ್ತೆ ಕಟ್ಟಿ, ಅರುವತ್ತು ವರ್ಷ ಆಡಿ, ಕೊನೆಗೆ ತಾವೇ ಕೆಡವಿದರು. ಮೈದಾನ ಹೋಯಿತು, ಯಜಮಾನರು ಬದಲಾದರು, ಡಿವಿಜನ್ ನಾಲ್ಕು ಸುತ್ತು ಸುತ್ತಿತು. 1926ರಿಂದ ಹಾಗೇ ಇರೋದು ಹೆಸರು, ಅಂಗಿಯ ಬಣ್ಣ, ಲೆಕ್ಕದ ಪುಸ್ತಕ. 2025ರಲ್ಲಿ ಮೇಲೆ ಬಂದರು, ಮೇಲೆ ಬಂದವರು ಮತ್ತೆ ಬೀಳಬಹುದು. ಬಿದ್ದರೆ ಅದೇ ಹೆಸರಲ್ಲೇ ಬೀಳ್ತಾರೆ ಅನ್ನೋ ನಂಬಿಕೆ ಇದೆ. ನನಗೆ ಬರಬೇಕಾದ ಮೂರು ತಿಂಗಳ ಸಂಬಳವನ್ನು ಯಾವ ವಿಳಾಸಕ್ಕೆ ಹೋಗಿ ಕೇಳಲಿ?